ಕುದುರೆಯ ಹಿಂದಿನ ಓಟಗಳನ್ನು ನಾನು ಓದುವ ಕ್ರಮ

ರೇಸ್ ಪುಸ್ತಕದಲ್ಲಿ ಕುದುರೆಯ ಹೆಸರಿನ ಪಕ್ಕದಲ್ಲಿ, ಹಿಂದಿನ ಓಟಗಳಲ್ಲಿ ಅದು ಎಷ್ಟನೆಯದಾಗಿ ಬಂತೆಂದು ತೋರಿಸಲು ಅಚ್ಚಾಗಿರುವ 2, 7, 8, 6 ಎಂಬಂಥ ಅಂಕಿಗಳನ್ನು ನೋಡಿ, ಕುದುರೆ ಇಳಿಮುಖವಾಗಿದೆ ಎಂದು ಪುಟ ತಿರುಗಿಸುವವರೇ ಹೆಚ್ಚು. ನಾನು ಹೊಸೂರಿನವನು. ಬೆಂಗಳೂರಿನ ರೇಸಿಗೆ ಹೋಗುವ ದಿನ ಬಸ್ಸು ಹತ್ತುವ ಮೊದಲೇ, ಹಿಂದಿನ ರಾತ್ರಿ ಮನೆಯಲ್ಲಿ ಕುಳಿತು ಲೆಕ್ಕ ಮುಗಿಸಿಕೊಳ್ಳುವ ಅಭ್ಯಾಸ ನನ್ನದು. ಆ ಲೆಕ್ಕದಲ್ಲಿ ಕುದುರೆ ಎಷ್ಟನೆಯದಾಗಿ ಬಂತು ಎಂಬುದನ್ನು ನಾನು ಕೊನೆಯಲ್ಲಿ ನೋಡುತ್ತೇನೆ. ಅದಕ್ಕಿಂತ ಮೊದಲು, ಅದು ಎಷ್ಟು ದೂರದ ಓಟದಲ್ಲಿ, ಎಷ್ಟು ತೂಕ ಹೊತ್ತು, ಯಾವ ದರ್ಜೆಯ ಕುದುರೆಗಳ ಜೊತೆ, ಎಂಥ ನೆಲದ ಮೇಲೆ ಓಡಿತು, ಗೆದ್ದ ಕುದುರೆಗಿಂತ ಎಷ್ಟು ಲೆಂತ್ (ಒಂದು ಲೆಂತ್ ಎಂದರೆ ಒಂದು ಕುದುರೆಯ ಉದ್ದ) ಹಿಂದೆ ಉಳಿಯಿತು ಎಂಬುದು ನನಗೆ ಬೇಕು.

ಹಾಗಾಗಿ ನಾನು ನಾಳೆಯ ರೇಸಿನಿಂದ ಆರಂಭಿಸಿ ಹಿಂದಕ್ಕೆ ಹೋಗುತ್ತೇನೆ. ನಾಳೆ ಓಡುವುದು 1400 ಮೀಟರ್ ಎಂದಾದರೆ, ಆ ಕುದುರೆಯ ಹಳೆಯ ಓಟಗಳಲ್ಲಿ ಇದಕ್ಕೆ ತೀರ ಹತ್ತಿರದ ಓಟ ಯಾವುದು ಎಂದು ಹುಡುಕುತ್ತೇನೆ. ಅದು ಕಳೆದ ವಾರದ್ದಾಗಿರಬಹುದು, ಕಳೆದ ಸೀಸನ್ನಿನದ್ದೂ ಆಗಿರಬಹುದು. ಕೊನೆಯ ಓಟವೇ ಕುದುರೆಯ ನಿಜವಾದ ಅಳತೆ ಎಂಬ ನಂಬಿಕೆ ರೇಸ್ ಕೋರ್ಸಿನಲ್ಲಿ ಬಲವಾಗಿದೆ. ಅದರಿಂದಾಗಿಯೇ ಒಳ್ಳೆಯ ಕುದುರೆಗಳಿಗೆ ಕೆಲವೊಮ್ಮೆ ಒಳ್ಳೆಯ ಬೆಲೆ, ಅಂದರೆ ಗೆದ್ದರೆ ಪಣಕ್ಕೆ ಒಳ್ಳೆಯ ದರ, ಸಿಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಮೇಲೆ ಬರೆದ ನಾಲ್ಕು ಅಂಕಿಗಳು ಒಂದು ಹೆಣ್ಣುಕುದುರೆಯವು. ಎರಡನೆಯದಾಗಿ ಬಂದದ್ದು ಮೈಸೂರಿನಲ್ಲಿ, 1400 ಮೀಟರಿನಲ್ಲಿ, ಅರ್ಧ ಲೆಂತ್ ಅಂತರದಲ್ಲಿ. ಏಳನೆಯ ಸ್ಥಾನ ಬೆಂಗಳೂರಿನ 1200 ಮೀಟರ್ ಓಟದ್ದು. ತಿರುವಿನಲ್ಲಿ ಎಲ್ಲರಿಗಿಂತ ಹಿಂದಿದ್ದು, ಕೊನೆಯ 200 ಮೀಟರಿನಲ್ಲಿ ಎಲ್ಲರಿಗಿಂತ ಬಿರುಸಾಗಿ ಬಂದು, ಗೆದ್ದ ಕುದುರೆಗೆ ನಾಲ್ಕೇ ಲೆಂತ್ ಹಿಂದೆ ಮುಗಿಸಿತ್ತು. ಅಂದರೆ ಅದಕ್ಕೆ ದೂರ ಸಾಲಲಿಲ್ಲ. ಎಂಟನೆಯದು 1600 ಮೀಟರಿನಲ್ಲಿ, ಮೇಲಿನ ದರ್ಜೆಯ ಕುದುರೆಗಳ ಜೊತೆ; ಅಲ್ಲಿ ಮುಂಚೂಣಿಯಲ್ಲೇ ಓಡಿ ಕೊನೆಯಲ್ಲಿ ಉಸಿರು ಕಟ್ಟಿತು. ಆರನೆಯದು ಮತ್ತೆ 1400 ಮೀಟರ್. ಆ ದಿನ ಗೇಟು ತೆರೆದಾಗ ಅದು ತಡವಾಗಿ ಹೊರಬಿದ್ದು ಮೂರು ನಾಲ್ಕು ಲೆಂತ್ ಕಳೆದುಕೊಂಡಿತ್ತೆಂಬುದು ಓಟದ ಮೇಲ್ವಿಚಾರಕರಾದ ಸ್ಟುವರ್ಡ್‌ಗಳ ವರದಿಯಲ್ಲೇ ಇತ್ತು. ಆದರೂ ಅದು ಸೋತದ್ದು ಮೂರೂವರೆ ಲೆಂತ್ ಅಂತರದಲ್ಲಿ. ಈ ಸೋಲುಗಳ ನಡುವೆ ಹ್ಯಾಂಡಿಕ್ಯಾಪರ್ (ಕುದುರೆಗಳ ಸಾಮರ್ಥ್ಯಕ್ಕೆ ಅಂಕ ಕೊಟ್ಟು ತೂಕ ನಿಗದಿ ಮಾಡುವ ಅಧಿಕಾರಿ) ಅದರ ರೇಟಿಂಗನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತ ಬಂದಿದ್ದರಿಂದ, ಮೈಸೂರಿನಲ್ಲಿ ಎರಡನೆಯದಾಗಿ ಬಂದಾಗ ಇದ್ದುದಕ್ಕಿಂತ ಅದು 6 ಅಂಕ ಕೆಳಗಿತ್ತು. ರೇಟಿಂಗ್ ಹೆಚ್ಚಿದಷ್ಟೂ ಕುದುರೆ ಹೆಚ್ಚು ತೂಕ ಹೊರಬೇಕು; ನಮ್ಮಲ್ಲಿ ಒಂದು ಅಂಕವೆಂದರೆ ಅರ್ಧ ಕೆಜಿ. ಮೈಸೂರಿನಲ್ಲಿ ಅರ್ಧ ಲೆಂತ್‌ನಿಂದ ಸೋತ ಕುದುರೆ ಈಗ ಅದೇ ದೂರಕ್ಕೆ, ಅದೇ ಮಟ್ಟದ ಎದುರಾಳಿಗಳ ನಡುವೆ 3 ಕೆಜಿ ಹಗುರಾಗಿ ಬಂದಿತ್ತು. ಅದು ಮುಕ್ಕಾಲು ಲೆಂತ್‌ನಿಂದ ಗೆದ್ದಿತು.

ಗೆದ್ದ ಮೇಲೆ ಅದರ ರೇಟಿಂಗ್ 8 ಅಂಕ ಏರಿತು, ಎಂದರೆ 4 ಕೆಜಿ. ಓಟದ ದೂರ ಹೆಚ್ಚಿದಷ್ಟೂ ಒಂದು ಲೆಂತ್‌ಗೆ ಸಮನಾದ ತೂಕ ಕಡಿಮೆಯಾಗುತ್ತದೆ. 1400 ಮೀಟರಿಗೆ ನಾನು ಹಿಡಿಯುವುದು ಸುಮಾರು ಒಂದು ಕೆಜಿಯಿಂದ ಒಂದೂಕಾಲು ಕೆಜಿ. ಆ ಲೆಕ್ಕದಲ್ಲಿ 4 ಕೆಜಿ ಎಂದರೆ ಮೂರು ಲೆಂತ್‌ಗಿಂತ ಹೆಚ್ಚು, ಅದು ಗೆದ್ದದ್ದು ಮುಕ್ಕಾಲು ಲೆಂತ್‌ನಿಂದ. ಮುಂದಿನ ಓಟದಲ್ಲಿ ಅದೇ ಫೇವರಿಟ್. ಹೆಸರಿನ ಪಕ್ಕದಲ್ಲಿ 1 ಎಂಬ ಅಂಕಿ ಹೊಸದಾಗಿ ಕುಳಿತಿದ್ದರಿಂದ ಜನ ಅದರ ಮೇಲೆ ಹಣ ಸುರಿದರು. ನಾನು ಅದನ್ನು ಬಿಟ್ಟೆ. ಅದು ಐದನೆಯದಾಗಿ ಬಂತು. ತೂಕದ ಲೆಕ್ಕ ಎಂದೂ ಗ್ರಾಂ ಲೆಕ್ಕದಲ್ಲಿ ಸರಿಹೋಗುವುದಿಲ್ಲ, ಆದರೆ ಕುದುರೆಯ ಪರವಾಗಿ ಇದೆಯೋ ವಿರುದ್ಧವಾಗಿ ಇದೆಯೋ ಎಂಬುದನ್ನು ಅದು ತಪ್ಪದೆ ಹೇಳುತ್ತದೆ.

ಸೋಲಿಗೆ ಕಾರಣ ಹುಡುಕುವಾಗ ನಾನು ಬಹಳ ಬಿಗಿಯಾಗಿರುತ್ತೇನೆ. ಕುದುರೆಯನ್ನು ಇಷ್ಟಪಟ್ಟುಬಿಟ್ಟರೆ ಅದರ ಪ್ರತಿಯೊಂದು ಸೋಲಿಗೂ ಒಂದು ನೆಪ ಸಿಕ್ಕಿಬಿಡುತ್ತದೆ. ಆದ್ದರಿಂದ ಸ್ಟುವರ್ಡ್‌ಗಳ ವರದಿಯಲ್ಲಿ ಬಂದದ್ದನ್ನು ಅಥವಾ ರೇಸಿನ ವಿಡಿಯೋದಲ್ಲಿ ಕಣ್ಣಾರೆ ಕಂಡದ್ದನ್ನು ಮಾತ್ರ ಕಾರಣವೆಂದು ಒಪ್ಪುತ್ತೇನೆ: ತಡವಾದ ಸ್ಟಾರ್ಟ್, ನೇರ ಹಾದಿಯಲ್ಲಿ ದಾರಿ ಸಿಗದೆ ಜಾಕಿ ಲಗಾಮು ಎಳೆದದ್ದು, ತಿರುವಿನುದ್ದಕ್ಕೂ ಹೊರಗೇ ಓಡಿ ಹೆಚ್ಚು ನೆಲ ಸವೆಸಿದ್ದು. ಮೂಗಿನಲ್ಲಿ ರಕ್ತ ಬಂದ ಕುದುರೆಯ ಸೋಲಿಗೆ ಕಾರಣ ಸ್ಪಷ್ಟವಾಗಿದ್ದರೂ ನಾನು ಅದನ್ನು ನೆಪವಾಗಿ ಎಣಿಸುವುದಿಲ್ಲ, ಎಚ್ಚರಿಕೆಯಾಗಿ ಎಣಿಸುತ್ತೇನೆ. ಆ ತೊಂದರೆ ಮರುಕಳಿಸುವಂಥದ್ದು. ಒಂದೇ ಕುದುರೆ ಮತ್ತೆ ಮತ್ತೆ ಸ್ಟಾರ್ಟಿನಲ್ಲಿ ತಡಮಾಡುತ್ತಿದ್ದರೆ ಅದು ಅಪಘಾತವಲ್ಲ, ಅದರ ಗುಣ.

ನೆಲದ ವಿಷಯಕ್ಕೆ ಹೆಚ್ಚಿನವರು ಮಹತ್ವ ಕೊಡುವುದಿಲ್ಲ. ರೇಸಿನ ದಿನ ಪ್ರಕಟವಾಗುವ, ನೆಲದ ಗಟ್ಟಿತನ ಅಳೆಯುವ ಪೆನೆಟ್ರೋಮೀಟರ್ ಉಪಕರಣದ ಅಂಕಿ ದೊಡ್ಡದಾದಷ್ಟೂ ಟ್ರ್ಯಾಕ್ ಮೆತ್ತಗಿದೆ ಎಂದರ್ಥ. ಬೆಂಗಳೂರಿನ ಬೇಸಿಗೆ ಸೀಸನ್ನಿಗೆ ಹೆಸರಷ್ಟೇ ಬೇಸಿಗೆ. ಅದರ ಬಹುಪಾಲು ಮಳೆಗಾಲದಲ್ಲೇ ಕಳೆಯುತ್ತದೆ. ಚಳಿಗಾಲದ ಗಟ್ಟಿ ನೆಲದಲ್ಲಿ ಚುರುಕಾಗಿ ಓಡಿದ ಕುದುರೆ ಜುಲೈ ತಿಂಗಳ ಮೆತ್ತನೆಯ ನೆಲದಲ್ಲಿ ಸಿಕ್ಕಿಕೊಂಡಂತೆ ಓಡುವುದನ್ನು ನಾನು ಕಂಡಿದ್ದೇನೆ. ಅದರಂತೆ ಊಟಿಯ ಫಾರ್ಮನ್ನೂ (ಅಲ್ಲಿನ ಓಟಗಳ ದಾಖಲೆಯನ್ನೂ) ನಾನು ಬೇರೆಯಾಗಿ ಇಡುತ್ತಿದ್ದೆ. ಸುಮಾರು 2,240 ಮೀಟರ್ ಎತ್ತರದ ತೆಳು ಗಾಳಿಯಲ್ಲಿ ಓಡಿದ ಕುದುರೆಯ ಶ್ರಮವನ್ನು ಬೆಂಗಳೂರಿನ ಓಟದ ಜೊತೆ ನೇರವಾಗಿ ಹೋಲಿಸಲಾಗದು. ಅಲ್ಲಿ ಗೆದ್ದು ಬಂದ ಕುದುರೆಯನ್ನು ಇಲ್ಲಿ ಒಂದು ಓಟ ಸುಮ್ಮನೆ ನೋಡುತ್ತಿದ್ದೆ.

ವಯಸ್ಸನ್ನೂ ಗಮನಿಸಬೇಕು. ನಮ್ಮ ದೇಶದಲ್ಲಿ ಎಲ್ಲ ರೇಸ್ ಕುದುರೆಗಳಿಗೂ ಜನವರಿ 1ರಂದೇ ಒಂದು ವರ್ಷ ತುಂಬುತ್ತದೆ. ಜನವರಿಯಲ್ಲಿ ಹುಟ್ಟಿದ ಮರಿಯೂ ಮೇ ತಿಂಗಳಲ್ಲಿ ಹುಟ್ಟಿದ ಮರಿಯೂ ದಾಖಲೆಯಲ್ಲಿ ಒಂದೇ ವಯಸ್ಸಿನವು. ಮೂರು ವರ್ಷದ ಕುದುರೆ ಕೆಲವೇ ತಿಂಗಳಲ್ಲಿ ಬೇರೆಯೇ ಕುದುರೆಯಾಗಿಬಿಡುವುದರಿಂದ ಅದರ ಹಳೆಯ ಓಟಗಳಿಗೆ ಆಯುಷ್ಯ ಕಡಿಮೆ. ಆರು ವರ್ಷದ ಕುದುರೆಯ ವಿಷಯ ಹಾಗಲ್ಲ. ಅದು ಒಂದು ವರ್ಷದ ಹಿಂದೆ ಯಾವ ರೇಟಿಂಗಿನಲ್ಲಿ ಗೆದ್ದಿತ್ತೋ ಆ ರೇಟಿಂಗಿಗೆ ಇಳಿದು ಬರುವವರೆಗೆ ಕಾಯುವುದು ಫಲ ಕೊಡುತ್ತದೆ.

ಪತ್ರಿಕೆಗಳಲ್ಲಿ ಬರುವ ಬೆಳಗಿನ ಟ್ರ್ಯಾಕ್ ವರ್ಕಿನ (ಅಭ್ಯಾಸದ ಓಟದ) ಸಮಯಗಳನ್ನು ನಾನು ಬಹಳ ದಿನ ಬಿಡುವಿನ ನಂತರ ಬರುವ ಕುದುರೆಗಳಿಗಷ್ಟೇ ನೋಡುತ್ತೇನೆ. ಮರಳಿನ ಟ್ರ್ಯಾಕಿನಲ್ಲಿ ಯಾವ ತೂಕದ ಸವಾರ ಕುಳಿತಿದ್ದ, ಎಷ್ಟು ಒತ್ತಿ ಓಡಿಸಿದ ಎಂಬುದು ಗೊತ್ತಿಲ್ಲದೆ ಆ ಸೆಕೆಂಡುಗಳನ್ನು ನಂಬುವುದು ಕಷ್ಟ.

ಕಾಗದದ ಲೆಕ್ಕವನ್ನು, ಓಟಕ್ಕೆ ಮೊದಲು ಕುದುರೆಗಳನ್ನು ನಡೆಸಿ ತೋರಿಸುವ ಪ್ಯಾಡಾಕಿನಲ್ಲಿ ಒಮ್ಮೆ ತಾಳೆ ನೋಡುತ್ತೇನೆ. ನಮ್ಮ ಪಕ್ಕದ ಮತ್ತಿಗಿರಿಯ ಸರ್ಕಾರಿ ಜಾನುವಾರು ಕ್ಷೇತ್ರ 1824ರಲ್ಲಿ ಸೈನ್ಯಕ್ಕೆ ಕುದುರೆ ಸಾಕಲು ಆರಂಭವಾದದ್ದು. ಈ ಭಾಗದಲ್ಲಿ ಕುದುರೆಯ ಮೈಗುಣ ಬಲ್ಲ ಹಿರಿಯರು ಇದ್ದರು, ಅಂಥವರೊಬ್ಬರಿಂದ ನಾನು ನೋಡುವುದನ್ನು ಕಲಿತೆ. ಹಿಂಗಾಲುಗಳ ನಡುವೆ ನೊರೆಯಂತೆ ಬೆವರು ಕಟ್ಟಿದ್ದರೆ, ಕಿವಿ ಹಿಂದಕ್ಕೆ ಒತ್ತಿಕೊಂಡಿದ್ದರೆ, ಹೆಜ್ಜೆ ಮೊಟಕಾಗಿದ್ದರೆ, ಫಾರ್ಮ್ ಎಷ್ಟೇ ಚೆನ್ನಾಗಿದ್ದರೂ ಆ ದಿನ ಅದರ ಮೇಲೆ ಹಣ ಹಾಕುವುದಿಲ್ಲ. ಪ್ರತಿ ಸಲವೂ ಹಾಗೆಯೇ ನಡೆಯುವ ಕುದುರೆಯಾದರೆ ಬೇರೆ ಮಾತು. ಹಿಂದೆ ಅದನ್ನು ನೋಡಿ ಬರೆದಿಟ್ಟುಕೊಂಡ ಟಿಪ್ಪಣಿ ಅಲ್ಲಿ ನೆರವಾಗುತ್ತದೆ.

ಕೊನೆಗೆ ಬೆಲೆ. ತಮಿಳುನಾಡಿನ ಮೊಕದ್ದಮೆಯೊಂದರಲ್ಲಿಯೇ ಸುಪ್ರೀಂ ಕೋರ್ಟ್ 1996ರಲ್ಲಿ ಕುದುರೆ ರೇಸನ್ನು ಕೌಶಲದ ಆಟವೆಂದು ತೀರ್ಪು ನೀಡಿತು. ಆ ಕೌಶಲಕ್ಕೆ ಹಣದ ಅರ್ಥ ಬರಬೇಕಾದರೆ, ಕುದುರೆ ಗೆಲ್ಲುವ ಸಾಧ್ಯತೆಗಿಂತ ಅದಕ್ಕೆ ಸಿಗುವ ಬೆಲೆ ಹೆಚ್ಚಿರಬೇಕು. ನಾಲ್ಕರಲ್ಲಿ ಒಂದು ಸಲ ಗೆಲ್ಲುವಂಥ ಕುದುರೆ ಎಂದು ನನಗನ್ನಿಸಿದರೆ ಅದರ ನ್ಯಾಯವಾದ ಬೆಲೆ ಒಂದಕ್ಕೆ ಮೂರು. ಪಣದ ಮೊತ್ತದ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್‌ನಲ್ಲಿ ಶೇಕಡಾ 28ರಿಂದ 40ಕ್ಕೆ ಏರಿದ ಮೇಲೆ ಆ ಬೆಲೆಗೆ ಆಡುವುದು ನಷ್ಟದ ಬಾಬತ್ತು. ಅದಕ್ಕಿಂತ ಬಹಳ ಮೇಲೆ ಸಿಗದಿದ್ದರೆ ನಾನು ಆಡುವುದಿಲ್ಲ. ಇದರಿಂದಾಗಿ ದಿನದ ಕಾರ್ಡಿನಲ್ಲಿ ನಾನು ಹಣ ಹಾಕುವ ರೇಸುಗಳು ಬಹಳ ಕಡಿಮೆಯಾಗಿವೆ. ಮೊದಲ ಬಾರಿ ಓಡುವ ಕುದುರೆಗಳೇ ತುಂಬಿರುವ ರೇಸುಗಳಲ್ಲಿ ಹಣ ಹಾಕದೆ ದುರ್ಬೀನು ಹಿಡಿದು, ಯಾವ ಕುದುರೆ ಕೊನೆಯಲ್ಲಿ ಇನ್ನೂ ಓಡುತ್ತಲೇ ಇತ್ತು, ಯಾವುದು ಗೆರೆ ದಾಟುವ ಮೊದಲೇ ಸುಸ್ತಾಯಿತು ಎಂದು ಪುಸ್ತಕದ ಅಂಚಿನಲ್ಲಿ ಬರೆದುಕೊಳ್ಳುತ್ತೇನೆ. ಅವುಗಳ ಮುಂದಿನ ಓಟಕ್ಕೆ ಅದೇ ಫಾರ್ಮ್.