ಪವರ್‌ಗ್ಲೈಡ್ ತೆಗೆದು 700ಆರ್4: ಹಳೆಯ ಕ್ಯಾಮರೊಗೆ ಓವರ್‌ಡ್ರೈವ್ ಕೂರಿಸುವ ಬಗೆ

1967ರಿಂದ 69ರವರೆಗಿನ ಷೆವರ್ಲೆ ಕ್ಯಾಮರೊಗಳಲ್ಲಿ ಅನೇಕವು ಎರಡೇ ಗೇರಿನ ಪವರ್‌ಗ್ಲೈಡ್ ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಹೊತ್ತು ಬಂದವು. ಅದರ ಜಾಗಕ್ಕೆ ಚೆನ್ನಾಗಿ ಒಗ್ಗುವುದು ಜನರಲ್ ಮೋಟರ್ಸ್ 1982ರಲ್ಲಿ ತಂದ 700ಆರ್4. ಇದರ ನಾಲ್ಕು ಗೇರುಗಳ ಅನುಪಾತ 3.06, 1.63, 1.00 ಮತ್ತು 0.70. ಕೊನೆಯದೇ ಓವರ್‌ಡ್ರೈವ್, ಅಂದರೆ ಎಂಜಿನ್ನಿಗಿಂತ ಡ್ರೈವ್‌ಶಾಫ್ಟ್ ವೇಗವಾಗಿ ತಿರುಗುವ ಗೇರು. ಕಂಪ್ಯೂಟರ್ ಬೇಕಿಲ್ಲ, ಕಾರ್ಬ್ಯುರೇಟರ್ ಇರುವ ಸ್ಮಾಲ್ ಬ್ಲಾಕ್ (ಷೆವರ್ಲೆಯ ಚಿಕ್ಕ ಗಾತ್ರದ ವಿ8) ಎಂಜಿನ್ನಿಗೆ ನೇರವಾಗಿ ಬೋಲ್ಟ್ ಆಗುತ್ತದೆ. ಕೊಳ್ಳುವಾಗ 1987 ಅಥವಾ ಅದರ ನಂತರದ್ದನ್ನೇ ಹುಡುಕಿ, ಮೊದಲ ವರ್ಷಗಳವು ಅಷ್ಟು ಗಟ್ಟಿಯಲ್ಲ.

ಹಣ ಕೊಡುವ ಮೊದಲು ಹಿಂದಿನ ಆಕ್ಸಲ್ ಅನುಪಾತ ತಿಳಿದುಕೊಳ್ಳಿ. 26 ಇಂಚಿನ ಟೈರು, 3.73 ಆಕ್ಸಲ್ ಇದ್ದರೆ ಗಂಟೆಗೆ 100 ಕಿ.ಮೀ. ವೇಗದಲ್ಲಿ ಓವರ್‌ಡ್ರೈವ್ ಬಿದ್ದಾಗ ಎಂಜಿನ್ 3000ದಿಂದ ಸುಮಾರು 2100 ಆರ್‌ಪಿಎಂಗೆ ಇಳಿಯುತ್ತದೆ. ಆಕ್ಸಲ್ 2.73 ಆಗಿದ್ದರೆ ಅದೇ ವೇಗಕ್ಕೆ 1500ರ ಆಸುಪಾಸಿಗೆ ಬಿದ್ದು ಎಂಜಿನ್ ಮುಕ್ಕರಿಯುತ್ತದೆ. ಅಂಥ ಗಾಡಿಗೆ ಓವರ್‌ಡ್ರೈವ್ ಹಾಕಿ ಪ್ರಯೋಜನವಿಲ್ಲ, ಆಕ್ಸಲ್ ಗೇರನ್ನೂ ಬದಲಿಸಬೇಕು.

ಹಳೆಯದನ್ನು ಇಳಿಸಿದಾಗ ಅದರ ವ್ಯಾಕ್ಯೂಮ್ ಮಾಡ್ಯುಲೇಟರಿನ (ಎಂಜಿನ್ನಿನ ನಿರ್ವಾತದಿಂದ ಗೇರ್‌ಬಾಕ್ಸಿಗೆ ಎಂಜಿನ್ ಹೊರೆ ತಿಳಿಸುವ ಭಾಗ) ಕೊಳವೆ ನೇತಾಡುತ್ತಾ ಉಳಿಯುತ್ತದೆ. 700ಆರ್4ಗೆ ಅದು ಬೇಡ. ಮ್ಯಾನಿಫೋಲ್ಡ್ ಕಡೆಯ ತೂತನ್ನು ಪ್ಲಗ್ ಮಾಡದಿದ್ದರೆ ಗಾಳಿ ಒಳನುಗ್ಗಿ ಐಡ್ಲಿಂಗ್ ಕೆಡುತ್ತದೆ.

ಗೇರ್‌ಬಾಕ್ಸ್ ಮೇಲಿನ ನೆಲದ ಉಬ್ಬನ್ನು (ಟನಲ್) ಸಾಮಾನ್ಯವಾಗಿ ಕತ್ತರಿಸಬೇಕಾಗಿಲ್ಲ. ಆದರೆ ಗೇರ್‌ಬಾಕ್ಸ್ ಕೂರುವ ಮೌಂಟ್ ಸುಮಾರು 2 ಇಂಚು ಹಿಂದೆ ಹೋಗುವುದರಿಂದ ಅದನ್ನು ಹೊರುವ ಅಡ್ಡತೊಲೆ, ಅಂದರೆ ಕ್ರಾಸ್‌ಮೆಂಬರನ್ನೂ ಹಿಂದಕ್ಕೆ ಸರಿಸಬೇಕು. ಡ್ರೈವ್‌ಶಾಫ್ಟ್ ಸುಮಾರು 3 ಇಂಚು ಗಿಡ್ಡವಾಗಬೇಕು. ಈ ಅಂಕಿಯನ್ನು ನಂಬಿ ಶಾಫ್ಟ್ ಕತ್ತರಿಸಬೇಡಿ. ಗಾಡಿಯ ಭಾರ ಚಕ್ರಗಳ ಮೇಲೆ ನಿಂತಿರುವಾಗ ಯೋಕನ್ನು (ಗೇರ್‌ಬಾಕ್ಸಿನೊಳಗೆ ಜಾರುವ ಡ್ರೈವ್‌ಶಾಫ್ಟಿನ ಮುಂತುದಿ) ಪೂರ್ತಿ ಒಳತಳ್ಳಿ, 20 ಮಿ.ಮೀ. ಹೊರಗೆಳೆದು, ಒಂದು ಯು-ಜಾಯಿಂಟಿನ ಮಧ್ಯದಿಂದ ಇನ್ನೊಂದರ ಮಧ್ಯಕ್ಕೆ ಅಳೆಯಿರಿ. ಹೊರಬರುವ ಶಾಫ್ಟಿನ ಸ್ಪ್ಲೈನ್ (ಹಲ್ಲುಗೆರೆ) ಎರಡೂ ಗೇರ್‌ಬಾಕ್ಸಿನಲ್ಲಿ 27 ಇರುವುದರಿಂದ ಹಳೆಯ ಯೋಕೇ ನಡೆಯುತ್ತದೆ.

ಎಂಜಿನ್ನಿನ ಶಕ್ತಿಯನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರಿಗೆ ಒಂದು ಲೀಟರ್ ಎಣ್ಣೆ ಹಾಕಿ, ತಿರುಗಿಸುತ್ತಾ ಒಳತಳ್ಳಿ. ಟರ್ಬೈನ್, ಸ್ಟೇಟರ್, ಪಂಪ್ ಹೀಗೆ ಮೂರು ಹಂತದಲ್ಲಿ ಅದು ಒಳಗಿಳಿಯುತ್ತದೆ. ಮೂರನೆಯದು ಕೂರದೆ ಬೆಲ್‌ಹೌಸಿಂಗ್ ಬೋಲ್ಟ್ ಬಿಗಿದರೆ ಪಂಪ್ ಒಡೆಯುತ್ತದೆ. ಬೆಲ್‌ಹೌಸಿಂಗ್ ಕೈಯಲ್ಲೇ ಬ್ಲಾಕಿಗೆ ಅಂಟುವಂತೆ ಕೂರಬೇಕು, ಬೋಲ್ಟಿನಿಂದ ಎಳೆದು ಕೂರಿಸಬಾರದು. ಕೂತ ಮೇಲೆ ಕನ್ವರ್ಟರನ್ನು ಹಿಂದಕ್ಕೆ ತಳ್ಳಿ ನೋಡಿದರೆ ಎಂಜಿನ್ನಿನ ಹಿಂದಿನ ತಟ್ಟೆಯಾದ ಫ್ಲೆಕ್ಸ್‌ಪ್ಲೇಟಿಗೂ ಅದಕ್ಕೂ ನಡುವೆ 3ರಿಂದ 4.5 ಮಿ.ಮೀ. ಸಂದು ಇರಬೇಕು. ಕನ್ವರ್ಟರಿನ ಬೋಲ್ಟುಗಳು ಮೆಟ್ರಿಕ್, ಹಳೆಯ ಇಂಚಿನ ಬೋಲ್ಟ್ ತುರುಕಬೇಡಿ.

ಇನ್ನು ಟಿವಿ (ಥ್ರಾಟಲ್ ವಾಲ್ವ್) ಕೇಬಲ್, ಕಾರ್ಬ್ಯುರೇಟರಿನಿಂದ ಗೇರ್‌ಬಾಕ್ಸಿಗೆ ಹೋಗುವ ತಂತಿ. 700ಆರ್4 ಸುಟ್ಟುಹೋದ ಕಡೆ ಮೊದಲು ನೋಡಬೇಕಾದ್ದು ಇದನ್ನೇ. ಹೆಸರಿಗೆ ಥ್ರಾಟಲ್ ಕೇಬಲ್ಲಿನ ಹಾಗೆ ಕಂಡರೂ ಇದು ಪೆಡಲ್ ಪೂರ್ತಿ ತುಳಿದಾಗ ಕೆಳಗೇರಿಗೆ ಇಳಿಸುವ ಬರೀ ಕಿಕ್‌ಡೌನ್ ಕೇಬಲ್ ಅಲ್ಲ. ಕ್ಲಚ್‌ಗಳನ್ನು ಹಿಡಿದಿಡುವ ಎಣ್ಣೆಯ ಒತ್ತಡವೇ ಇದರ ಎಳೆತದ ಮೇಲೆ ನಿಂತಿದೆ. ಕೇಬಲ್ ಸಡಿಲವಿದ್ದರೆ ಒತ್ತಡ ಏರದು. ಗೇರುಗಳು ಬೇಗ, ಮೆತ್ತಗೆ ಬದಲಾಗುತ್ತಾ ಹಿತವೆನಿಸುತ್ತವೆ, ಅಷ್ಟರಲ್ಲಿ ಮೂರು-ನಾಲ್ಕನೇ ಗೇರಿನ ಕ್ಲಚ್ ಸುಟ್ಟಿರುತ್ತದೆ. ಕ್ವಾಡ್ರಾಜೆಟ್ ಕಾರ್ಬ್ಯುರೇಟರಿನ ಲಿವರಿನಲ್ಲಿ ಇದಕ್ಕೆ ಸರಿಯಾದ ಕೊಂಡಿ ಇದೆ. ಹಾಲಿ ಅಥವಾ ಎಡಲ್‌ಬ್ರಾಕ್ ಕಂಪನಿಯ ಕಾರ್ಬ್ಯುರೇಟರ್ ಇದ್ದರೆ ಎಳೆತದ ಕೋನ ಸರಿಪಡಿಸುವ ಬ್ರಾಕೆಟ್ ಹಾಕಲೇಬೇಕು.

ಹೊಂದಿಸುವುದು ಎಂಜಿನ್ ಆಫ್ ಇದ್ದಾಗ. ಕೇಬಲ್ಲಿನ ಗುಂಡಿ ಒತ್ತಿ, ಸ್ಲೈಡರನ್ನು ಥ್ರಾಟಲ್ ಲಿವರಿನಿಂದ ದೂರಕ್ಕೆ, ಪೂರ್ತಿ ಹಿಂದಕ್ಕೆ ತಳ್ಳಿ ಗುಂಡಿ ಬಿಡಿ. ಆಮೇಲೆ ಥ್ರಾಟಲನ್ನು ಕೈಯಿಂದ ಪೂರ್ತಿ ತೆರೆದರೆ ಸ್ಲೈಡರ್ ಟಿಕ್ ಟಿಕ್ ಎಂದು ತಾನೇ ಜಾಗಕ್ಕೆ ಬರುತ್ತದೆ. ಪೂರ್ತಿ ತೆರೆದಾಗ ಕೇಬಲ್ ಇನ್ನಷ್ಟು ಎಳೆದರೂ ಬರಬಾರದು, ಐಡ್ಲಿಂಗಿನಲ್ಲಿ ಜೋಲಬಾರದು. ಇಷ್ಟಕ್ಕೇ ಬಿಡದೆ ಒತ್ತಡದ ಗೇಜ್ ಹಾಕಿ. ಐಡ್ಲಿಂಗಿನಲ್ಲಿ ಸುಮಾರು 55ರಿಂದ 65 ಪಿಎಸ್‌ಐ ತೋರಿಸಿ, ಥ್ರಾಟಲ್ ಅಲುಗಿದ ಕೂಡಲೇ ಮುಳ್ಳು ಏರಬೇಕು. ಗೇರು ತಡವಾಗಿ ಬದಲಾಗುತ್ತಿದೆ ಎಂದು ಕೇಬಲ್ ಸಡಿಲಿಸುವುದು ದೊಡ್ಡ ತಪ್ಪು. ಅದಕ್ಕೆ ಗಾಡಿಯ ವೇಗ ನೋಡಿ ಗೇರು ಬದಲಿಸುವ ಗವರ್ನರಿನ ತೂಕ, ಸ್ಪ್ರಿಂಗ್ ಬದಲಿಸಬೇಕು.

ಕನ್ವರ್ಟರ್ ಜಾರದಂತೆ ಬಿಗಿಹಿಡಿಯುವ ಲಾಕಪ್ಪಿಗೆ 12 ವೋಲ್ಟಿನ ತಂತಿ ಎಳೆಯದೆ ಬಿಟ್ಟರೆ ನಾಲ್ಕನೇ ಗೇರಿನಲ್ಲಿ ಕನ್ವರ್ಟರ್ ಜಾರುತ್ತಾ ಎಣ್ಣೆ ಕಾಯುತ್ತದೆ. ಆ ತಂತಿಯ ಮಾರ್ಗದಲ್ಲಿ ಬ್ರೇಕ್ ಪೆಡಲ್ ಒತ್ತಿದಾಗ ಕರೆಂಟ್ ಕಡಿಯುವ ಸ್ವಿಚ್ ಇರಲಿ. ಬ್ರೇಕ್ ದೀಪದ ಸ್ವಿಚ್ ಇದಕ್ಕೆ ತದ್ವಿರುದ್ಧ, ಅದು ಆಗುವುದಿಲ್ಲ. ರೇಡಿಯೇಟರಿನ ಜೊತೆಗೆ ಪ್ರತ್ಯೇಕ ಕೂಲರ್ ಇಟ್ಟರೆ ಒಳ್ಳೆಯದು. ಗೇರ್‌ಬಾಕ್ಸಿನ ಕೆಳಗಿನ ತೂತು ಕೂಲರಿಗೆ, ಮೇಲಿನದು ವಾಪಸಿಗೆ.

ಮೊದಲು 5 ಲೀಟರ್ ಡೆಕ್ಸ್‌ರಾನ್ ಎಣ್ಣೆ ಹಾಕಿ ಸ್ಟಾರ್ಟ್ ಮಾಡಿ, ಓಡುತ್ತಿರುವಾಗಲೇ ಸ್ವಲ್ಪಸ್ವಲ್ಪ ಸೇರಿಸಿ. ಒಟ್ಟು 10 ಲೀಟರ್ ಆಸುಪಾಸು ಹಿಡಿಯುತ್ತದೆ. ಕೊನೆಯ ಅಳತೆ ಎಣ್ಣೆ ಬಿಸಿಯಾದ ಮೇಲೆ, ಪಾರ್ಕಿನಲ್ಲಿ, ಎಂಜಿನ್ ಓಡುತ್ತಿರುವಾಗ ನೋಡಿ. ಸ್ಪೀಡೋಮೀಟರ್ ಗೇರನ್ನು ಟೈರು ಮತ್ತು ಆಕ್ಸಲಿಗೆ ಹೊಂದುವಂತೆ ಆರಿಸಿ. ಪವರ್‌ಗ್ಲೈಡಿನ ಶಿಫ್ಟರಿಗೆ ನಾಲ್ಕು ಗೇರಿನ ಡಿಟೆಂಟ್ (ಪ್ರತಿ ಸ್ಥಾನದಲ್ಲಿ ಲಿವರ್ ನಿಲ್ಲಿಸುವ ಕಚ್ಚು) ಕಿಟ್ ಹಾಕಿದ ಮೇಲೆ, ಪಾರ್ಕ್ ಮತ್ತು ನ್ಯೂಟ್ರಲ್ ಬಿಟ್ಟು ಬೇರೆಡೆ ಎಂಜಿನ್ ಸ್ಟಾರ್ಟ್ ಆಗದಂತೆ ಸ್ವಿಚ್ ಹೊಂದಿಸಿ, ಪ್ರತಿ ಸ್ಥಾನದಲ್ಲೂ ಕೀಲಿ ತಿರುಗಿಸಿ ಪರೀಕ್ಷಿಸಿ.