ಹಣದುಬ್ಬರದ ಅಂಕಿ ಬಂದ ದಿನ ಮಾಡಬೇಕಾದ ಲೆಕ್ಕ

ಪ್ರತಿ ತಿಂಗಳು 12ರ ಸುಮಾರಿಗೆ ರಾಷ್ಟ್ರೀಯ ಸಾಂಖ್ಯಿಕ ಕಚೇರಿಯಿಂದ ಚಿಲ್ಲರೆ ಹಣದುಬ್ಬರದ ಅಂಕಿ ಬರುತ್ತದೆ. ಮರುದಿನ ಒಬ್ಬ ಅರ್ಥಶಾಸ್ತ್ರಜ್ಞರು ಬಡ್ಡಿ ಇಳಿಸಲು ಇದೇ ಸಕಾಲ ಎನ್ನುತ್ತಾರೆ. ಇನ್ನೊಬ್ಬರು ಅದೇ ಅಂಕಿ ಹಿಡಿದು ಬೇಡವೇ ಬೇಡ ಎನ್ನುತ್ತಾರೆ. ಯಾರ ವಾದ ಗಟ್ಟಿ ಎಂದು ನೋಡಲು ಪ್ರಕಟಣೆಯ ಕೋಷ್ಟಕಗಳು ಮತ್ತು ಒಂದು ಕ್ಯಾಲ್ಕುಲೇಟರ್ ಸಾಕು.

ಶೇಕಡಾವನ್ನು ಸದ್ಯಕ್ಕೆ ಬದಿಗಿಡಿ. ಮೂರು ಸೂಚ್ಯಂಕಗಳನ್ನು (ಒಟ್ಟು ಬೆಲೆಮಟ್ಟವನ್ನು ಒಂದೇ ಸಂಖ್ಯೆಯಲ್ಲಿ ಹೇಳುವ ಅಂಕಿ) ಬರೆದುಕೊಳ್ಳಿ: ಈ ತಿಂಗಳದ್ದು, ಹಿಂದಿನ ತಿಂಗಳದ್ದು, ಕಳೆದ ವರ್ಷ ಇದೇ ತಿಂಗಳದ್ದು. ಉದಾಹರಣೆಗೆ 2023ರ ಜುಲೈ ತೆಗೆದುಕೊಳ್ಳೋಣ. 2012ರ ಬೆಲೆಮಟ್ಟವನ್ನು 100 ಎಂದು ಹಿಡಿದ ಸರಣಿಯಲ್ಲಿ ಆ ತಿಂಗಳ ಸೂಚ್ಯಂಕ 186.3, ಜೂನ್‌ನದು 181.0, 2022ರ ಜುಲೈನದು 173.4. 186.3 ಅನ್ನು 173.4ರಿಂದ ಭಾಗಿಸಿದರೆ 1.0744, ಅಂದರೆ ಶೇ 7.44 ಏರಿಕೆ. ತಲೆಬರಹಕ್ಕೆ ಹೋಗುವುದು ಇದು. 181.0ರಿಂದ ಭಾಗಿಸಿದರೆ ಒಂದೇ ತಿಂಗಳಲ್ಲಿ ಶೇ 2.9 ಏರಿಕೆ. ಬೆಲೆ ಈಗ ಎಷ್ಟು ಜೋರಾಗಿ ಓಡುತ್ತಿದೆ ಎಂದು ಹೇಳುವುದು ಈ ಎರಡನೆಯದು, ವರದಿಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವುದೂ ಇದೇ. ಆದರೆ ಮಳೆಗಾಲದಲ್ಲಿ ತರಕಾರಿ ಹೇಗೂ ಏರುತ್ತದೆ. ಹಾಗಾಗಿ ಹಿಂದಿನ ನಾಲ್ಕೈದು ವರ್ಷಗಳ ಜೂನ್–ಜುಲೈ ಏರಿಕೆಯನ್ನೂ ಪಕ್ಕದಲ್ಲಿಟ್ಟು ನೋಡದೆ ಗಾಬರಿಯಾಗಬೇಡಿ.

ಮುಂದಿನ ಪ್ರಶ್ನೆ, ಏರಿಸಿದ್ದು ಯಾವುದು? ಒಂದು ಗುಂಪಿನ ತೂಕವನ್ನು, ಅಂದರೆ ಸೂಚ್ಯಂಕದಲ್ಲಿ ಅದಕ್ಕಿರುವ ಪಾಲನ್ನು, ಅದರ ಏರಿಕೆಯಿಂದ ಗುಣಿಸಿ. ಆ ಜುಲೈಯಲ್ಲಿ ತರಕಾರಿ ಶೇ 37.34 ಏರಿತ್ತು, 2012ರ ಸರಣಿಯಲ್ಲಿ ಅದರ ತೂಕ ಶೇ 6.04. ಗುಣಿಸಿ 100ರಿಂದ ಭಾಗಿಸಿದರೆ ಸುಮಾರು 2.26. ಅಂದರೆ 7.44ರಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ತರಕಾರಿಯದೇ. ಇದು ಒರಟು ಲೆಕ್ಕ. ಕರಾರುವಾಕ್ಕಾಗಿ ಬೇಕಿದ್ದರೆ ಗುಂಪಿನ ಸೂಚ್ಯಂಕ ಎಷ್ಟು ಅಂಶ ಏರಿತೆಂದು ನೋಡಿ, ತೂಕದಿಂದ ಗುಣಿಸಿ, ಕಳೆದ ವರ್ಷದ ಒಟ್ಟು ಸೂಚ್ಯಂಕದಿಂದ ಭಾಗಿಸಬೇಕು. ಕೋಲಾರದ ಮಂಡಿಯಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿದ ತಿಂಗಳದು. ಆ ಸರಣಿಯಲ್ಲಿ ಟೊಮೆಟೊ ತೂಕ ಮಾತ್ರ ಶೇ 0.57.

ಬಡ್ಡಿಯ ವಾದವನ್ನು ತೂಗಬೇಕಾದದ್ದು ಇಲ್ಲಿ. ರೆಪೊ ದರ (ರಿಸರ್ವ್ ಬ್ಯಾಂಕ್ ಇತರ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ) ಏರಿಸಿದರೆ ತೋಟದಲ್ಲಿ ಟೊಮೆಟೊ ಹೆಚ್ಚು ಬಿಡುವುದಿಲ್ಲ. ಹೊಸ ಫಸಲು ಬಂದರೆ ಬೆಲೆ ತಾನಾಗಿ ಇಳಿಯುತ್ತದೆ. ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ದರವನ್ನು ಶೇ 6.5ರಲ್ಲೇ ಬಿಟ್ಟಿತು. ಆದ್ದರಿಂದ ಆಹಾರ (2012ರ ಸರಣಿಯಲ್ಲಿ ತೂಕ 45.86) ಮತ್ತು ಇಂಧನ (6.84) ಕಳೆದು ಉಳಿಯುವ 47.3ರಷ್ಟು ಭಾಗ, ಅಂದರೆ ಕೋರ್ ಹಣದುಬ್ಬರ, ಎತ್ತ ಹೊರಟಿದೆ ನೋಡಿ. ಅದನ್ನು ಒಂದು ಸಾಲಿನಲ್ಲೂ ಹೇಳದೆ ಬಡ್ಡಿ ಏರಿಸಿ ಎನ್ನುವವರ ಲೇಖನವನ್ನು ಅರ್ಧಕ್ಕೇ ಬಿಟ್ಟರೂ ನಷ್ಟವಿಲ್ಲ. ಹಾಗೆಂದು ಆಹಾರವನ್ನು ಪೂರ್ತಿ ಮರೆಯುವುದೂ ತಪ್ಪು: ಏರಿಕೆ ಆರೇಳು ತಿಂಗಳು ನಿಂತರೆ ಹೋಟೆಲ್ ಊಟಕ್ಕೂ ಕೂಲಿಗೂ ಅದು ಹರಡುತ್ತದೆ.

ಹೆಚ್ಚು ಜನ ಎಡವುವುದು ಬೇಸ್ ಎಫೆಕ್ಟ್‌ನಲ್ಲಿ. 2024ರ ಜುಲೈ ಅಂಕಿ ಶೇ 3.54 ಎಂದು ಬಂತು. ರಿಸರ್ವ್ ಬ್ಯಾಂಕಿನ ಶೇ 4ರ ಗುರಿಗಿಂತ ಕೆಳಗೆ. ಸೂಚ್ಯಂಕ ನೋಡಿದರೆ 192.9, ಅಂದರೆ ಟೊಮೆಟೊ ಉರಿದ ಹಿಂದಿನ ಜುಲೈಗಿಂತಲೂ ಮೇಲೆ. ಹೋಲಿಕೆಗೆ ಸಿಕ್ಕ ವರ್ಷವೇ ಎತ್ತರದಲ್ಲಿದ್ದುದರಿಂದ ಶೇಕಡಾ ಸಣ್ಣದಾಯಿತು, ಅಷ್ಟೇ. ಇಂಥಾ ತಿಂಗಳಲ್ಲಿ ಎರಡು ವರ್ಷದ ಲೆಕ್ಕ ಹಾಕಿ: 192.9 ÷ 173.4 = 1.1125. ಅದರ ವರ್ಗಮೂಲ 1.055, ಅಂದರೆ ವರ್ಷಕ್ಕೆ ಸರಾಸರಿ ಶೇ 5.5. ಹಣದುಬ್ಬರ ಇಳಿಯಿತು ಎಂದರೆ ಏರಿಕೆಯ ವೇಗ ತಗ್ಗಿತು ಎಂದಷ್ಟೇ ಅರ್ಥ. ಬೆಲೆ ಇಳಿಯಿತು ಎಂದಲ್ಲ.

ಸಗಟು ಮತ್ತು ಚಿಲ್ಲರೆ ಅಂಕಿಗಳನ್ನು ಬೆರೆಸುವುದು ಇನ್ನೊಂದು ಚಾಳಿ. ಅದೇ 2023ರ ಜುಲೈಯಲ್ಲಿ ಸಗಟು ಹಣದುಬ್ಬರ ಮೈನಸ್ 1.36 ಇತ್ತು. ಎರಡೂ ಸರಿಯೇ. ಆಗಿನ ಸಗಟು ಸೂಚ್ಯಂಕದ ಶೇ 64.23 ತೂಕ ಕಾರ್ಖಾನೆಯ ಸರಕುಗಳದ್ದು. ಶಾಲಾ ಶುಲ್ಕ, ಆಸ್ಪತ್ರೆ, ಬಸ್ ಚಾರ್ಜು ಅದರಲ್ಲಿ ಇಲ್ಲವೇ ಇಲ್ಲ. ಕಬ್ಬಿಣ, ರಾಸಾಯನಿಕ ಅಗ್ಗವಾದರೆ ಅದು ಇಳಿಯುತ್ತದೆ, ಅಡುಗೆಮನೆಗೆ ಗೊತ್ತೂ ಆಗುವುದಿಲ್ಲ.

ಬೆಂಗಳೂರಿನಲ್ಲಿ ಬಾಡಿಗೆಗಿರುವವರು ಒಟ್ಟು ಅಂಕಿಗಿಂತ ನಗರದ ಕಾಲಂ ನೋಡುವುದು ಮೇಲು. 2012ರ ಸರಣಿಯಲ್ಲಿ ವಸತಿಯ ತೂಕ ನಗರಕ್ಕೆ ಶೇ 21.67, ಗ್ರಾಮೀಣ ಸೂಚ್ಯಂಕದಲ್ಲಿ ವಸತಿಯೇ ಇಲ್ಲ, ಎರಡೂ ಸೇರಿದಾಗ ಶೇ 10.07.

ಮೊದಲು ಬರುವ ಅಂಕಿ ತಾತ್ಕಾಲಿಕ ಎಂಬುದೂ ನೆನಪಿರಲಿ. ಮೇಲಿನ 192.9 ಮುಂದಿನ ತಿಂಗಳು 193.0 ಆಯಿತು, 3.54 ಹೋಗಿ 3.60 ಬಂತು. 0.05ರ ವ್ಯತ್ಯಾಸಕ್ಕೆ ಪುಟಗಟ್ಟಲೆ ಅರ್ಥ ಕಟ್ಟುವವರನ್ನು ಒಂದು ತಿಂಗಳು ಕಾಯಿಸಿ. 2024 ಆಧಾರ ವರ್ಷದ ಹೊಸ ಸರಣಿಯ ಸೂಚ್ಯಂಕವನ್ನು ಹಳೆಯದರಿಂದ ನೇರವಾಗಿ ಭಾಗಿಸಬೇಡಿ. ಜೋಡಣೆ ಗುಣಾಂಕದಿಂದ (ಹಳೆಯ ಸರಣಿಯನ್ನು ಹೊಸದಕ್ಕೆ ಹೊಂದಿಸುವ ಸಂಖ್ಯೆ) ಎರಡನ್ನೂ ಒಂದೇ ಅಳತೆಗೆ ತಂದ ಮೇಲೆಯೇ ಶೇಕಡಾ ತೆಗೆಯಿರಿ.