ಮಾಂಡೋವಿ ದಂಡೆಯಲ್ಲಿ ಗಾಳ: ಜಾಗಕ್ಕಿಂತ ಮೊದಲು ತಿಥಿ

ಘಟಪ್ರಭೆ, ಮಲಪ್ರಭೆಯ ದಂಡೆಯಲ್ಲಿ ಗಾಳ ಹಾಕಿ ಕೈ ಪಳಗಿದವರೂ ಪಣಜಿಗೋ ವಾಸ್ಕೋಗೋ ಬಂದ ಹೊಸದರಲ್ಲಿ ಬರಿಗೈಯಲ್ಲಿ ಮನೆಗೆ ಹೋಗುತ್ತಾರೆ. ಅಲ್ಲಿ ಹೊಳೆ ಒಂದೇ ಕಡೆ ಹರಿಯುತ್ತದೆ. ಇಲ್ಲಿ ದಿನಕ್ಕೆ ನಾಲ್ಕು ಸಲ ನೀರು ದಿಕ್ಕು ತಿರುಗಿಸುತ್ತದೆ. ಖಾನಾಪುರ ತಾಲ್ಲೂಕಿನ ಕಾಡಲ್ಲಿ ಹುಟ್ಟುವ ನಮ್ಮ ಮಹದಾಯಿಯೇ ಇಲ್ಲಿಯ ಮಾಂಡೋವಿ, ನಿಜ. ಆದರೆ ಪಣಜಿ ಮುಟ್ಟುವಷ್ಟರಲ್ಲಿ ಅದು ಹೊಳೆಗಿಂತ ಹೆಚ್ಚು ಕಡಲು. ಅದಕ್ಕೇ "ಮೀನು ಎಲ್ಲಿ ಬೀಳ್ತದೆ ಅಣ್ಣಾ?" ಎಂದು ಕೇಳಿದವರಿಗೆ ನಾನು ಜಾಗ ಹೇಳುವ ಮೊದಲು ಇವತ್ತು ಯಾವ ತಿಥಿ ಎಂದು ಕೇಳುತ್ತೇನೆ.

ಲೆಕ್ಕ ಹೀಗಿದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಗೋವೆಯ ಕರಾವಳಿಯಲ್ಲಿ ನೀರು ತುಂಬುವುದು ಸುಮಾರಾಗಿ ನಡುಹಗಲು, ನಡುರಾತ್ರಿಯ ಸುತ್ತ. ದಿನಕ್ಕೆ 50 ನಿಮಿಷದಷ್ಟು ಅದು ಮುಂದೆ ಸರಿಯುತ್ತದೆ. ಹಾಗಾಗಿ ಚೌತಿಯ ಹೊತ್ತಿಗೆ ಮಧ್ಯಾಹ್ನ ಮೂರರ ಸುಮಾರಿಗೆ ತುಂಬಿ, ಸಂಜೆ ಪೂರ್ತಿ ಇಳಿತ. ಸಪ್ತಮಿ, ಅಷ್ಟಮಿಗೆ ಬಂದರೆ ಸಂಜೆ ಐದಾರು ಗಂಟೆಯವರೆಗೂ ಏರುತ್ತಲೇ ಇರುತ್ತದೆ. ಕೆಲಸ ಮುಗಿಸಿ ಸಂಜೆ ಐದರಿಂದ ಎಂಟರವರೆಗೆ ಮಾತ್ರ ಬಿಡುವಿರುವವರು ಚೌತಿಯಿಂದ ಅಷ್ಟಮಿಯವರೆಗಿನ ದಿನಗಳನ್ನು ಹಿಡಿದರೆ ಸಾಕು. ಇಳಿತಕ್ಕೆ ಒಂದು ಜಾಗ, ಏರುವ ನೀರಿಗೆ ಇನ್ನೊಂದು. ನಿಖರ ಸಮಯಕ್ಕೆ ಮುರ್ಮುಗಾಂವ್ ಬಂದರಿನ ಉಬ್ಬರ-ಇಳಿತದ ಪಟ್ಟಿ ನೋಡಿ, ಮೊಬೈಲಿನಲ್ಲೂ ಸಿಗುತ್ತದೆ. ಆ ಸಮಯ ಬಂದರಿನದು. ಒಳನಾಡಿಗೆ ಹೋದಂತೆ ನೀರು ತಡವಾಗಿ ಮುಟ್ಟುತ್ತದೆ, ಹಳೆ ಗೋವೆಯ ಧಕ್ಕೆಗೆ ನಾನು ಅರ್ಧ ತಾಸು ಸೇರಿಸಿಕೊಳ್ಳುತ್ತೇನೆ.

ಹುಣ್ಣಿಮೆ, ಅಮಾವಾಸ್ಯೆಗೆ ಇಲ್ಲಿ ಏರಿಳಿತ ಸುಮಾರು 2 ಮೀಟರ್, ಅಷ್ಟಮಿಗೆ ಅದರ ಅರ್ಧದಷ್ಟು. ಮುಂಬೈಯವರು ಇದನ್ನು ಕೇಳಿದರೆ ಇಷ್ಟೇನಾ ಅಂದಾರು, ಅಲ್ಲಿ 4 ಮೀಟರ್ ದಾಟುವುದು ಮಾಮೂಲು. ಆದರೆ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಸಣ್ಣ ಕೋಡಿಗಳಿಂದ ಸಿಗಡಿ, ಮರಿಮೀನುಗಳನ್ನು ಹೊರಗೆಳೆದು ತರಲು 1 ಮೀಟರ್ ಇಳಿತವೂ ಬೇಕಾದಷ್ಟು. ದೊಡ್ಡ ಮೀನು ಕಾಯುವುದು ಅದನ್ನೇ. ಕಂಬದ ಹಿಂದೆ, ಕಮಾನಿನ ಅಂಚಿನಲ್ಲಿ, ಎಲ್ಲಿ ಸೆಳೆತ ಸ್ವಲ್ಪ ಕಡಿಮೆಯೋ ಅಲ್ಲಿ ಅದು ಬಾಯಿ ತೆರೆದು ನಿಂತಿರುತ್ತದೆ. ನೀರು ನಿಂತುಬಿಟ್ಟ ಅರ್ಧ ಮುಕ್ಕಾಲು ತಾಸು ಗಾಳ ಎತ್ತಿಟ್ಟು ಚಹಾ ಕುಡಿಯುವುದೇ ಲೇಸು.

ಇಳಿತಕ್ಕೆ ನನ್ನ ಜಾಗ ಪಣಜಿ-ರಿಬಂದರ್ ಕಟ್ಟೆ ರಸ್ತೆ. 1633-34ರಲ್ಲಿ ಪೋರ್ಚುಗೀಸರು ಕಟ್ಟಿಸಿದ ಇದು ಮೂರು ಕಿಲೋಮೀಟರಿಗೂ ಉದ್ದ. ಒಂದು ಕಡೆ ಮಾಂಡೋವಿ, ಇನ್ನೊಂದು ಕಡೆ ಉಪ್ಪಿನಾಗರ ಮತ್ತು ಕಾಂಡ್ಲಾ. ಕಮಾನುಗಳ ಅಡಿಯಿಂದ ಒಳಗಿನ ನೀರು ಹೊಳೆಗೆ ಬರುತ್ತದೆ. ಇಳಿತ ಶುರುವಾಗಿ ಒಂದು ತಾಸು ಕಳೆದ ಮೇಲಿನ ಎರಡು ತಾಸು ಇಲ್ಲಿ ಒಳ್ಳೆಯದು: ಚೊಣಕ್, ತಾಂಬ್ಸೊ ಎರಡೂ ಬರುತ್ತವೆ. ಚೊಣಕ್ ಅಂದರೆ ಸೀ ಬಾಸ್, ತಾಂಬ್ಸೊ ಅಂದರೆ ಮಂಗಳೂರು ಕಡೆಯವರ ಕೆಂಬೇರಿಯ ಜಾತಿ. ಎರೆಯನ್ನು ಕಮಾನಿನ ನಡುವಿನ ಸೆಳೆತಕ್ಕೆ ಎಸೆಯಬೇಡಿ. ಓಡುವ ನೀರೂ ನಿಂತ ನೀರೂ ಕೂಡುವಲ್ಲಿ ಮೇಲೆ ನೊರೆಯ ಗೆರೆ ಕಾಣುತ್ತದೆ, ಅದರ ಒಳ ಅಂಚಿಗೆ ಇಳಿಸಿ. ರಸ್ತೆ ಕಿರಿದು, ವಾಹನ ಜಾಸ್ತಿ. ರಾಡನ್ನು ಹಿಂದಕ್ಕೆ ಬೀಸಿ ಎಸೆದರೆ ಕೊಕ್ಕೆ ಸ್ಕೂಟರ್ ಸವಾರನ ಮುಖಕ್ಕೆ ಹೋಗುವ ದೂರದಲ್ಲೇ ಇರುತ್ತದೆ. ಇಲ್ಲಿ ಕೆಳಗಿನಿಂದ ಮೇಲಕ್ಕೆ ತೂಗಿ ಬಿಡುವ ಎಸೆತ ಮಾತ್ರ. 15 ಮೀಟರ್ ಹೋದರೆ ಸಾಕು, ಮೀನು ಕಾಲಬುಡದಲ್ಲೇ ಇದೆ.

ಏರುವ ನೀರಿಗೆ ಕಂಪಾಲ್. ಕಲಾ ಅಕಾಡೆಮಿಯಿಂದ ಮಿರಾಮಾರ್ ಕಡೆಗೆ ಹೊಳೆಯಂಚಿನ ಕಾಲುದಾರಿ ಇದೆ, ಪಕ್ಕದಲ್ಲಿ ತೋಟಗಳು, ಮಕ್ಕಳ ಆಟದ ಜಾಗ, ಮರದ ನೆರಳು. ಮನೆಮಂದಿಯನ್ನೆಲ್ಲ ಕರೆದುಕೊಂಡು ಬಂದು ಗಾಳ ಹಾಕಲು ಪಣಜಿಯಲ್ಲಿ ಇದಕ್ಕಿಂತ ಹಿತವಾದ ಜಾಗ ನನಗೆ ಕಂಡಿಲ್ಲ. ನೀರು ತುಂಬುವ ಮೊದಲಿನ ಎರಡು ತಾಸು, ಇಲ್ಲಿ ಮಾತ್ರ ತುಂಬಿದ ಮೇಲೂ ಮುಕ್ಕಾಲು ತಾಸು. ಕಲ್ಲಿನ ಒಡ್ಡಿನ ಬುಡ ಮುಳುಗಿದ ಮೇಲೆ ಮೀನು ಕಲ್ಲಿನ ಸಂದಿಗೆ ಮೇಯಲು ಬರುತ್ತದೆ; ಬರಿಗಲ್ಲು ಕಾಣುವಾಗ ಎಸೆದರೆ ಸೀಸ ಸಿಕ್ಕಿಕೊಳ್ಳುವುದು ಬಿಟ್ಟು ಬೇರೇನೂ ಆಗದು. ಬೆಳಗ್ಗೆ ಆರರಿಂದ ಎಂಟು ವಾಕಿಂಗ್‌ನವರ ಹೊತ್ತು, ಆಗ ನಾನು ರಾಡ್ ಬಿಚ್ಚುವುದಿಲ್ಲ. ಕಾವಲುಗಾರ ಇಲ್ಲಿ ಬೇಡ ಅಂದರೆ ವಾದಕ್ಕಿಳಿಯದೆ ಮುಂದೆ ಸರಿಯಿರಿ. ತುಂಡು ದಾರ, ಹಳೆ ಕೊಕ್ಕೆಯನ್ನು ಒಂದು ಡಬ್ಬಿಗೆ ಹಾಕಿ ಮನೆಗೆ ಒಯ್ಯಿರಿ. ಹುಲ್ಲಲ್ಲಿ ಬಿದ್ದ ಒಂದು ಕೊಕ್ಕೆ ಯಾವ ಮಗುವಿನ ಪಾದಕ್ಕೆ ಹೊಕ್ಕೀತೋ ಹೇಳಲಾಗದು. ಬಿದ್ದ ದಾರ ಬೆಳ್ಳಕ್ಕಿ, ಕಾಗೆಗಳ ಕಾಲಿಗೆ ಸುತ್ತಿ ಕಾಲೇ ಕೊಳೆಯುತ್ತದೆ. ಗಾಳದವರನ್ನು ದಂಡೆಯಿಂದ ದೂರ ಇಡಬೇಕು ಎಂಬ ಮಾತು ಹುಟ್ಟುವುದು ಇಂಥದ್ದರಿಂದಲೇ.

ಮಿರಾಮಾರ್ ಮರಳಿನಲ್ಲಿ ಕಾಣೆ, ಗೋವೆಯವರ ಮುಡ್ದೋಶಿ. ಇದಕ್ಕೆ ರಾಡ್ ಕೂಡ ಬೇಡ. 0.30 ಮಿ.ಮೀ. ನೈಲಾನ್ ದಾರ, ಸಣ್ಣ ಕೊಕ್ಕೆ (6 ಅಥವಾ 8 ನಂಬರ್), 15 ಗ್ರಾಂ ಸೀಸ, ಉಗುರಿನಷ್ಟು ಸಿಗಡಿ ತುಂಡು. ಅಲೆ ಒಡೆಯುವ ಜಾಗದ ಈಚೆ, ಮೊಣಕಾಲು ನೀರಿನಲ್ಲೇ ಅದು ಓಡಾಡುತ್ತದೆ. ದೂರ ಎಸೆದವರು ಮೀನಿನ ತಲೆಯ ಮೇಲಿಂದ ಎಸೆದಂತೆ. ದಾರವನ್ನು ಬೆರಳಲ್ಲಿ ಹಿಡಿದು ನಿಧಾನ ಎಳೆಯುತ್ತಿರಿ. ಟಕ್ ಟಕ್ ಎಂದು ಎರಡು ಸಲ ಬಡಿದ ಮೇಲೆ ಮಣಿಕಟ್ಟು ಮಾತ್ರ ಎತ್ತಿ. ಜೋರಾಗಿ ಎಳೆದರೆ ಅದರ ಮೆತ್ತನೆಯ ಬಾಯಿ ಹರಿದು ಹೋಗುತ್ತದೆ.

ವಾಸ್ಕೋ, ಜುವಾರಿನಗರದಲ್ಲಿರುವ ನಮ್ಮವರು ಪಣಜಿಗೆ ಬರುವ ಅಗತ್ಯವಿಲ್ಲ. ಕೊರ್ತಾಲಿಯ ಹಳೆ ಫೆರಿ ಧಕ್ಕೆಯ ಕಡೆ ಜುವಾರಿ ಹೊಳೆ ಆಳವೂ ಹೌದು, ಸೆಳೆತವೂ ಜೋರು, 60 ಗ್ರಾಂ ಸೀಸ ಬೇಕಾಗುತ್ತದೆ. ಸಡಾದ ಜಪಾನೀಸ್ ಗಾರ್ಡನ್ ಕಡಲು ನೋಡಲು ಚೆಂದ, ಮಕ್ಕಳನ್ನು ಅಲ್ಲಿಗೇ ಕರೆದೊಯ್ಯಿರಿ. ಗಾಳಕ್ಕೆ ಬೈನಾದ ಮರಳು ಸುಲಭ.

ಫೆರಿ ಇಳಿಜಾರುಗಳ ಬಗ್ಗೆ ಒಂದು ಮಾತು. ರಿಬಂದರ್, ಹಳೆ ಗೋವೆಯ ಧಕ್ಕೆಗಳ ಪಕ್ಕದಲ್ಲಿ ಮೀನು ಇರುತ್ತದೆ, ಏಕೆಂದರೆ ಬೋಟಿನ ಪಂಖ ಕೆಸರು ಕಲಕಿ ಹುಳು, ಸಿಗಡಿಯನ್ನು ಮೇಲಕ್ಕೆಬ್ಬಿಸುತ್ತದೆ. ಆದರೆ ಇಳಿತದಲ್ಲಿ ಬಯಲಾಗುವ ಇಳಿಜಾರಿನ ಭಾಗಕ್ಕೆ ಹಸಿರು ಪಾಚಿ ಕಟ್ಟಿರುತ್ತದೆ. ಅದರ ಮೇಲೆ ಯಾವ ಚಪ್ಪಲಿಯೂ ನಿಲ್ಲದು. ಪಕ್ಕದ ಗೋಡೆಯ ಮೇಲೆ ನಿಲ್ಲಿ, ಬೋಟ್ ಬರುವಾಗ ದಾರ ಪೂರ್ತಿ ಸುತ್ತಿಕೊಳ್ಳಿ. ಚೋಡಾಣದ ಸಲೀಂ ಅಲಿ ಪಕ್ಷಿಧಾಮದ ಕಾಂಡ್ಲಾ ಕಾಡಿಗೆ ಗಾಳ ಹಿಡಿದು ಹೋಗುವಂತಿಲ್ಲ. ಖಾಜನ್ ಗದ್ದೆಗಳ, ಅಂದರೆ ಒಡ್ಡು ಕಟ್ಟಿ ಉಪ್ಪುನೀರು ತಡೆದ ಗದ್ದೆಗಳ, ತೂಬಿನ ಬಾಗಿಲು, ಇಲ್ಲಿಯವರು ಮಾನಸ್ ಅನ್ನುತ್ತಾರೆ, ಅಲ್ಲಿಯೂ ಕೇಳದೆ ಗಾಳ ಹಾಕುವಂತಿಲ್ಲ. ಅಂಕೋಲಾ, ಕುಮಟಾದ ಗಜನಿ ಬಲ್ಲವರಿಗೆ ಇದು ಬೇಗ ಅರ್ಥವಾಗುತ್ತದೆ: ಆ ಬಾಗಿಲಲ್ಲಿ ಮೀನು ಹಿಡಿಯುವ ಹಕ್ಕು ಹರಾಜಾಗಿರುತ್ತದೆ, ದುಡ್ಡು ಕಟ್ಟಿದವನ ಮೀನು ಅದು. ಅವನನ್ನು ಕೇಳಿಯೇ ಗಾಳ ಬಿಚ್ಚಬೇಕು.

ಸಾಮಾನು. ಕಟ್ಟೆ ರಸ್ತೆಗೂ ಕಂಪಾಲಿಗೂ ನಾನು ಬಳಸುವುದು 8 ಅಡಿಯ ರಾಡ್, 4000 ಸೈಜಿನ ರೀಲ್, 20 ಪೌಂಡಿನ ಬ್ರೇಡ್ ದಾರ, ಅಂದರೆ ಎಳೆಗಳನ್ನು ಹೆಣೆದದ್ದು. ಬ್ರೇಡಿನ ತುದಿಗೆ 40 ಪೌಂಡಿನ ನೈಲಾನ್ ಒಂದು ಮೀಟರ್ ಕಡ್ಡಾಯ. ಬ್ರೇಡ್ ಎಳೆತಕ್ಕೆ ಗಟ್ಟಿ, ಉಜ್ಜಿದರೆ ಅಷ್ಟೇ ಬೇಗ ಹರಿಯುತ್ತದೆ. ಒಡ್ಡಿನ ಕಲ್ಲಿಗೆಲ್ಲ ಸಿಂಪಿ ಚಿಪ್ಪು ಅಂಟಿಕೊಂಡಿದೆ, ಅವು ಬ್ಲೇಡಿನಂತೆ. ಚೊಣಕ್‌ನ ಕಿವಿರಿನ ಮುಚ್ಚಳದ ಅಂಚೂ ಹರಿತ. ಎರಡು ದಾರ ಸೇರಿಸಲು ಡಬಲ್ ಯೂನಿ ಗಂಟು: ಬ್ರೇಡ್ ಕಡೆ 8 ಸುತ್ತು, ನೈಲಾನ್ ಕಡೆ 5. ಎಳೆದು ಬಿಗಿಯುವ ಮುಂಚೆ ಉಗುಳಿನಿಂದ ಒದ್ದೆ ಮಾಡಿ. ಒಣ ನೈಲಾನ್ ಬಿಗಿಯುವಾಗ ಉಜ್ಜಿ ಬಿಸಿಯಾಗುತ್ತದೆ, ಗಂಟಿನೊಳಗೆ ದಾರ ಬೆಳ್ಳಗಾಗಿ ಸುರುಳಿಗಟ್ಟಿದ್ದು ಕಂಡರೆ ಅದು ಸುಟ್ಟ ಗುರುತು. ಅಂಥ ಗಂಟು ದೊಡ್ಡ ಮೀನಿನ ಮೊದಲ ಓಟಕ್ಕೇ ಬಿಚ್ಚುತ್ತದೆ, ಕತ್ತರಿಸಿ ಮತ್ತೆ ಕಟ್ಟಿ. ರೀಲಿನ ಡ್ರ್ಯಾಗ್ ಅನ್ನು, ಅಂದರೆ ಮೀನು ಜಗ್ಗಿದಾಗ ದಾರ ಬಿಡುವ ಬಿಗಿಯನ್ನು, ತಕ್ಕಡಿ ಸಿಕ್ಕಿಸಿ ಎಳೆದು ನೋಡಿ 2.5 ಕಿಲೊಗೆ ಬಿಡುವಂತೆ ಇಡುತ್ತೇನೆ, ದಾರದ ಬಲದ ಕಾಲು ಭಾಗಕ್ಕಿಂತ ಚೂರು ಮೇಲೆ. ತಾಂಬ್ಸೊ ಮಾತ್ರ ಇದಕ್ಕೆ ಹೊರತು. ಕಚ್ಚಿದ ಕ್ಷಣವೇ ಅದು ಕಲ್ಲಿನ ಗೂಡಿಗೆ ನುಗ್ಗುತ್ತದೆ, ಮೊದಲ ಮೂರು ಸೆಕೆಂಡ್ ಒಂದಿಂಚೂ ಬಿಡದೆ ಎಳೆಯಬೇಕು.

ಕಲ್ಲಿನ ಜಾಗದಲ್ಲಿ ಸೀಸವನ್ನು ಮುಖ್ಯ ದಾರಕ್ಕೆ ಕಟ್ಟಬೇಡಿ. ಮೂರು ಕಣ್ಣಿನ ಸ್ವಿವೆಲ್ (ತಿರುಗುವ ಕೊಂಡಿ) ಒಂದರಿಂದ 0.25 ಮಿ.ಮೀ. ಸಣಕಲು ದಾರ ಗೇಣುದ್ದ ಬಿಟ್ಟು ಅದಕ್ಕೆ ತೂಕ ಕಟ್ಟಿ. ಸಿಕ್ಕಿಕೊಂಡರೆ ಅದೊಂದೇ ಹರಿದು ಕೊಕ್ಕೆ, ಮೀನು ಎರಡೂ ಉಳಿಯುತ್ತವೆ. ತೂಕಕ್ಕೆ ಗ್ಯಾರೇಜಿನಲ್ಲಿ ಎಸೆದ ಸ್ಪಾರ್ಕ್ ಪ್ಲಗ್ ಸಾಕು, ಹೋದರೂ ಹೊಟ್ಟೆ ಉರಿಯದು.

ಎರೆಗೆ ಜೀವಂತ ಸಿಗಡಿಯೇ ರಾಜ. ತಲೆಯ ಮೇಲಿನ ಗರಗಸದಂಥ ಕೊಂಬಿನ ಬುಡದಲ್ಲಿ, ಚಿಪ್ಪಿನೊಳಗಿಂದ ಕಪ್ಪಗೆ ಕಾಣುವ ಚುಕ್ಕೆಯ ಮುಂದೆ ಅಡ್ಡಲಾಗಿ ಕೊಕ್ಕೆ ತೂರಿಸಿ. ಆ ಚುಕ್ಕೆಗೆ ಚುಚ್ಚಿದರೆ ಅಲ್ಲೇ ಸಾಯುತ್ತದೆ. ಸರಿಯಾಗಿ ಚುಚ್ಚಿದ್ದು ಅರ್ಧ ತಾಸು ಕಾಲು ಆಡಿಸುತ್ತಿರುತ್ತದೆ. ಸತ್ತ ಸಿಗಡಿಯಾದರೆ ಬಾಲದ ಬೀಸಣಿಗೆ ಮುರಿದು ತೆಗೆಯಿರಿ, ಆ ತುದಿಯಿಂದಲೇ ಕೊಕ್ಕೆ ಹೊಗಿಸಿ ಮೈಯ ಬಾಗಿನಂತೆ ಸಾಗಿಸಿ ಹೊಟ್ಟೆಯ ಕಡೆ ಮೊನೆ ಹೊರತೆಗೆಯಿರಿ. ಬೀಸಣಿಗೆ ಉಳಿದರೆ ಸೆಳೆತದಲ್ಲಿ ಎರೆ ಗಿರಗಿರ ತಿರುಗಿ ದಾರ ಹುರಿಗಟ್ಟುತ್ತದೆ. ಕೊಕ್ಕೆ 2/0 ಸರ್ಕಲ್, ಮೊನೆ ಒಳಕ್ಕೆ ಬಾಗಿದ್ದು. ಇದಕ್ಕೆ ಹೊಳೆಯ ಅಭ್ಯಾಸದಂತೆ ಜಗ್ಗಿ ಎಳೆಯಬಾರದು. ರಾಡ್ ಬಾಗುವವರೆಗೆ ಕಾದು ಸುತ್ತತೊಡಗಿದರೆ ತಾನಾಗಿ ಬಾಯಿಯ ಮೂಲೆಗೆ ಕೂರುತ್ತದೆ. ತಾರ್ಲೆ (ಬೂತಾಯಿ), ಬಂಗಡೆಯ ತುಂಡು ಅಗ್ಗ, ಆದರೆ ಅದಕ್ಕೆ ಮೀಸೆ ಮೀನೇ ಹೆಚ್ಚು.

ಆ ಮೀಸೆ ಮೀನನ್ನು, ಇಲ್ಲಿಯವರ ಸಾಂಗಟ್, ಬರಿಗೈಯಲ್ಲಿ ಮುಟ್ಟಬೇಡಿ. ಬೆನ್ನಿನ ಮೇಲೊಂದು, ಎರಡು ಪಕ್ಕೆಗೆ ಒಂದೊಂದು ಮುಳ್ಳು. ಮೂರಕ್ಕೂ ವಿಷ ಉಂಟು. ದಪ್ಪ ಬಟ್ಟೆಯಿಂದ ಹಿಡಿದು ಇಕ್ಕಳದಲ್ಲಿ ಕೊಕ್ಕೆ ಬಿಡಿಸಿ. ಚುಚ್ಚಿದರೆ ಚರ್ಮ ಸುಡದಷ್ಟು ಬಿಸಿ ನೀರಿನಲ್ಲಿ, 45 ಡಿಗ್ರಿ ಮೀರದಂತೆ, ಅರ್ಧ ತಾಸಿಗೂ ಹೆಚ್ಚು ಮುಳುಗಿಸಿಡಿ. ನೋವು ಇಳಿಯುತ್ತದೆ. ಮುಳ್ಳು ಮುರಿದು ಒಳಗುಳಿದಿದ್ದರೆ ಡಾಕ್ಟರ ಬಳಿ ಹೋಗಿ. ಹೊಟ್ಟೆ ಉಬ್ಬಿಸುವ ಚೆಂಡಿನಂಥ ಮೀನು ಬಂದರೆ ನೀರಿಗೇ ಬಿಡಿ. ಅದರ ವಿಷ ಬೇಯಿಸಿದರೂ ಹೋಗದು, ಜೀವಕ್ಕೇ ಕುತ್ತು.

ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ. ದಂಡೆಯ ಗಾಳಕ್ಕೆ ಅದು ತಟ್ಟದಿದ್ದರೂ ಆ ತಿಂಗಳುಗಳಲ್ಲಿ ನಾನು ಕಡಲ ಬಂಡೆಗಳಿಗೆ, ದೋನಾ ಪಾವ್ಲಾ ಕಡೆಗಾಗಲಿ ಸಿಂಕೇರಿಗಾಗಲಿ ಹೋಗುವುದಿಲ್ಲ. ಉಳಿದ ದಿನಗಳಲ್ಲೂ ಬಂಡೆಗೆ ಇಳಿಯುವ ಮೊದಲು 20 ನಿಮಿಷ ಮೇಲೆ ನಿಂತು ನೋಡಿ. ಒದ್ದೆಯಾದ ಬಂಡೆ ಎಂದರೆ ಅಲೆ ಅಲ್ಲಿಗೆ ಬರುತ್ತದೆ ಎಂದೇ ಅರ್ಥ, ನಿಮ್ಮ ಕಣ್ಣೆದುರು ಬಾರದಿದ್ದರೂ. ಅಕ್ಟೋಬರ್ ಹೊತ್ತಿಗೆ ಕೆಂಪು ನೀರು ತಿಳಿಯಾಗಿ ಉಪ್ಪು ಮರಳಿದ ಮೇಲೆ ಒಳ್ಳೆಯ ಕಾಲ, ಮೇವರೆಗೂ ಚಿಂತೆಯಿಲ್ಲ.

ಚೊಣಕ್ ಹುಟ್ಟಾ ಗಂಡು, ಬೆಳೆದು ದೊಡ್ಡದಾದ ಮೇಲೆ ಹೆಣ್ಣಾಗುತ್ತದೆ. ಮೀಟರ್ ಹತ್ತಿರದ್ದು ಬಿದ್ದರೆ ಅದು ಬಹುಮಟ್ಟಿಗೆ ಮೊಟ್ಟೆಯಿಡುವ ತಾಯಿ. ಅದನ್ನೂ ಒಂದೂವರೆ ಅಡಿಗಿಂತ ಸಣ್ಣದನ್ನೂ ನಾನು ಬಿಡುತ್ತೇನೆ. ಬಿಡುವಾಗ ದವಡೆಗೆ ನೇತುಹಾಕಿ ಫೋಟೋ ತೆಗೆಯಬೇಡಿ. ಒದ್ದೆ ಕೈಯಲ್ಲಿ ಹೊಟ್ಟೆಗೆ ಆಸರೆ ಕೊಟ್ಟು, ಹರಿವಿಗೆ ಮುಖ ಮಾಡಿ ಹಿಡಿಯಿರಿ, ಬಾಲ ಬಡಿದು ತಾನೇ ಹೊರಡುವವರೆಗೆ. ಮನೆಗೆ ಒಯ್ಯುವುದಾದರೆ ಕೂಡಲೇ ಕಿವಿರಿನ ಬುಡ ಕೊಯ್ದು ಎರಡು ನಿಮಿಷ ನೀರಲ್ಲಿ ರಕ್ತ ಇಳಿಸಿ, ಎರಡು ಪಾಲು ಮಂಜುಗಡ್ಡೆಗೆ ಒಂದು ಪಾಲು ಉಪ್ಪುನೀರು ಬೆರೆಸಿದ ಡಬ್ಬದಲ್ಲಿ ಮುಳುಗಿಸಿ. ಪ್ಲಾಸ್ಟಿಕ್ ಚೀಲದಲ್ಲಿ ಬಿಸಿಲಿಗೆ ತೂಗುಹಾಕಿದ ಮೀನು ಮನೆ ಮುಟ್ಟುವಷ್ಟರಲ್ಲಿ ಮೆತ್ತಗಾಗಿ, ಹುರಿಯುವಾಗ ತವೆಗೆ ಅಂಟಿ ಪುಡಿಯಾಗುತ್ತದೆ.